ಶೇ. 94 ಜನ "ಬೇಡ" ಅಂದ ಇನ್‌ಕ್ರಿಮೆಂಟ್: ಪೈಲಟ್‌ಗಳ ಓಟಿನ ಕತೆ



ಮೊದಲು ಒಂದು ಪ್ರಶ್ನೆ. ನಿಮ್ಮ ಕಂಪನಿಯವರು ಬಂದು, "18 ತಿಂಗಳೊಳಗೆ ಸಂಬಳ ಶೇ. 14.5ಕ್ಕಿಂತ ಜಾಸ್ತಿ ಏರಿಸ್ತೀವಿ, ಓಕೆನಾ?" ಅಂದ್ರೆ ನೀವೇನಂತೀರಾ? ನಮ್ಮಲ್ಲಿ ಬಹಳಷ್ಟು ಜನ ಮಾತಾಡದೆ ಅಕ್ಸೆಪ್ಟ್ ಬಟನ್ ಒತ್ತಿಬಿಡ್ತೀವಿ. ಆದರೆ 2022ರ ನವೆಂಬರ್‌ನಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸ್‌ನ ಸುಮಾರು 10 ಸಾವಿರ ಪೈಲಟ್‌ಗಳು ಇಂಥದ್ದೇ ಆಫರ್ ಮೇಲೆ ಓಟು ಹಾಕಿದ್ರು. ಶೇ. 94ರಷ್ಟು ಜನ "ಬೇಡ" ಅಂದ್ರು!

ಇದರಲ್ಲಿ ತಮಾಷೆ ಏನಂದ್ರೆ, ಕಂಪನಿ ಜೊತೆ ಕೂತು ಆ ಆಫರ್ ಕುದುರಿಸಿದ್ದು ಅವರದೇ ಯೂನಿಯನ್, ಅಲ್ಪಾ. ಅಂದ್ರೆ ಏರ್‌ಲೈನ್ ಪೈಲಟ್ಸ್ ಅಸೋಸಿಯೇಷನ್. ಅಲ್ಲಿನ ವ್ಯವಸ್ಥೆಯೇ ಹಾಗೆ. ಮಾತುಕತೆಗೆ ಹೋದವರು ತರೋದು ತಾತ್ಕಾಲಿಕ ಒಪ್ಪಂದ ಅಷ್ಟೇ. ಪೈಲಟ್‌ಗಳ ಪ್ರತಿನಿಧಿಗಳು ಅದನ್ನ ನೋಡಿ ಸದಸ್ಯರ ಮುಂದೆ ಇಡ್ತಾರೆ. ಕೊನೇ ಮಾತು ಸದಸ್ಯರ ಓಟಿನದು.

ಹಾಗಾದ್ರೆ ಯಾಕೆ ಬೇಡ ಅಂದ್ರು? ನಾನು ಓದಿದ್ದು ಬಿ.ಕಾಂ., ಹಾಗಾಗಿ ಮೊದಲು ಲೆಕ್ಕ ನೋಡೋಣ. 100 ರೂಪಾಯಿ ಸಂಬಳ 114.50 ಆಗುತ್ತೆ, ಸರಿ. ಆದರೆ 2022ರ ಜೂನ್‌ನಲ್ಲಿ ಅಮೆರಿಕದ ಹಣದುಬ್ಬರ ಶೇ. 9.1 ಇತ್ತು. ಅಂದ್ರೆ ಹಿಂದಿನ ವರ್ಷ 100ಕ್ಕೆ ಬರ್ತಿದ್ದ ಸಾಮಾನಿಗೆ ಈಗ 109.10. ಏರಿಕೆಯ ದೊಡ್ಡ ಪಾಲು ದಿನಸಿ ಅಂಗಡಿಯಲ್ಲೇ ಕರಗಿಹೋಯ್ತು. ಮೇಲಾಗಿ ಆ ಪೈಲಟ್‌ಗಳು ವರ್ಷಗಟ್ಟಲೆ ಹೊಸ ಒಪ್ಪಂದಕ್ಕೆ ಕಾದು ಕೂತಿದ್ರು.

ಎರಡನೇ ವಿಷಯ, ಟೈಮ್. ವಿಮಾನಯಾನದಲ್ಲಿ ಎಲ್ಲಾ ನಡೆಯೋದು ಸೀನಿಯಾರಿಟಿ ಮೇಲೆ. ಯಾವ ವಿಮಾನ, ಯಾವ ಊರು, ಯಾವ ದಿನ ರಜೆ, ಎಲ್ಲಾ. ಫಸ್ಟ್ ಆಫೀಸರ್ ಒಬ್ಬರು ಕ್ಯಾಪ್ಟನ್ ಆದ್ರೆ ಸಂಬಳ ಏರುತ್ತೆ, ಆದರೆ ಕ್ಯಾಪ್ಟನ್‌ಗಳ ಸಾಲಿನಲ್ಲಿ ಅವರೇ ಕಟ್ಟಕಡೆಯವರು. ಫೋನ್ ಬಂದಾಗ ಬ್ಯಾಗ್ ಹಿಡಿದು ಹೊರಡಬೇಕು. ಹಬ್ಬ, ಮಗುವಿನ ಬರ್ತ್‌ಡೇ ಯಾವುದೂ ಗ್ಯಾರಂಟಿ ಇಲ್ಲ. ಅದಕ್ಕೇ ಯುನೈಟೆಡ್‌ನಲ್ಲಿ ಕ್ಯಾಪ್ಟನ್ ಹುದ್ದೆ ಖಾಲಿ ಇದ್ರೂ ಎಷ್ಟೋ ಜನ ಅರ್ಜಿಯನ್ನೇ ಹಾಕ್ತಿರಲಿಲ್ಲ. ಪ್ರಮೋಷನ್ನೇ ಬೇಡ ಅನ್ನೋವಷ್ಟು ಬೇಸರ ಇದ್ದಾಗ ಬರೀ ಪರ್ಸೆಂಟೇಜ್ ತೋರಿಸಿದ್ರೆ ಸಾಲುತ್ತಾ?

ಇಲ್ಲೊಂದು ವಿಷಯ ಕ್ಲಿಯರ್ ಮಾಡ್ತೀನಿ. "ಬೇಡ" ಅಂತ ಓಟು ಹಾಕಿದ ತಕ್ಷಣ ಸ್ಟ್ರೈಕ್ ಅಂತಲ್ಲ. ಅಮೆರಿಕದಲ್ಲಿ ವಿಮಾನ ಕಂಪನಿಗಳಿಗೆ ಅನ್ವಯ ಆಗೋದು 1926ರ ರೈಲ್ವೆ ಲೇಬರ್ ಆಕ್ಟ್. ಅದರ ಪ್ರಕಾರ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಬಿಟ್ಟುಕೊಡಬೇಕು, ಆಮೇಲೂ 30 ದಿನ ಕಾಯಬೇಕು. ಅಲ್ಲೀವರೆಗೆ ಹಳೇ ಒಪ್ಪಂದ, ಹಳೇ ಸಂಬಳ. ಅಂದ್ರೆ "ಬೇಡ" ಅನ್ನೋದು ಫ್ರೀ ಅಲ್ಲ. ಕಾಯೋ ತಾಕತ್ತು ಇರಬೇಕು.

ಯುನೈಟೆಡ್‌ನವರು ಕಾದ್ರು. ಅಷ್ಟರಲ್ಲಿ, 2023ರ ಮಾರ್ಚ್‌ನಲ್ಲಿ, ಡೆಲ್ಟಾ ಪೈಲಟ್‌ಗಳು 4 ವರ್ಷದಲ್ಲಿ ಶೇ. 34 ಏರಿಕೆಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ರು. ಪಕ್ಕದ ಕಂಪನಿ ಇಷ್ಟು ಕೊಟ್ಟ ಮೇಲೆ ಯುನೈಟೆಡ್ ಸುಮ್ಮನಿರೋಕಾಗುತ್ತಾ? ಕೋವಿಡ್ ಮುಗಿದು ಜನ ಮತ್ತೆ ಹಾರ್ತಿದ್ರು, ಪೈಲಟ್‌ಗಳಿಗೆ ಬರ ಇತ್ತು. ಹೊಸ ಆಫರ್‌ನಲ್ಲಿ 4 ವರ್ಷಕ್ಕೆ ಶೇ. 34.5ರಿಂದ ಶೇ. 40.2ರವರೆಗೆ ಏರಿಕೆ, ಜೊತೆಗೆ ಡ್ಯೂಟಿ ಶೆಡ್ಯೂಲ್ ನಿಯಮಗಳಲ್ಲೂ ಸುಧಾರಣೆ. 2023ರ ಸೆಪ್ಟೆಂಬರ್‌ನಲ್ಲಿ ಶೇ. 82 ಜನ "ಸರಿ" ಅಂದ್ರು.

ಇಷ್ಟು ಕೇಳಿ "ಹಾಗಾದ್ರೆ ಮೊದಲ ಆಫರ್ ಯಾವತ್ತೂ ಒಪ್ಪಬಾರದು" ಅಂದ್ಕೊಂಡ್ರಾ? ಸ್ವಲ್ಪ ತಡೀರಿ. ಅದೇ ವರ್ಷ ಜುಲೈನಲ್ಲಿ ಫೆಡ್‌ಎಕ್ಸ್ ಪೈಲಟ್‌ಗಳ ಮುಂದೆ ಶೇ. 30 ಏರಿಕೆಯ ಆಫರ್ ಇತ್ತು. ಅದೇ ಅಲ್ಪಾ ಯೂನಿಯನ್, ಅದೇ ಕಾನೂನು. ಶೇ. 57 ಜನ "ಬೇಡ" ಅಂದ್ರು. ಆದರೆ ಫೆಡ್‌ಎಕ್ಸ್ ಸಾಗಿಸೋದು ಪಾರ್ಸೆಲ್. ಲಾಕ್‌ಡೌನ್ ಕಾಲದ ಆನ್‌ಲೈನ್ ಆರ್ಡರ್ ಭರಾಟೆ ಇಳಿದಿತ್ತು, ಪೈಲಟ್‌ಗಳ ಅರ್ಜೆಂಟು ಕಂಪನಿಗೆ ಅಷ್ಟಿರಲಿಲ್ಲ. 2024 ಮುಗಿದ್ರೂ ಹೊಸ ಒಪ್ಪಂದ ಆಗಿರಲಿಲ್ಲ.

ಎರಡೂ ಕಡೆ ಓಟು ಹಾಕಿದ್ದು "ಬೇಡ" ಅಂತಲೇ. ಒಂದು ಕಡೆ ಏರಿಕೆ ಎರಡು ಪಟ್ಟು ದಾಟಿತು, ಇನ್ನೊಂದು ಕಡೆ ಬರೀ ಕಾಯೋದಾಯ್ತು. ನನಗನಿಸೋದು ಇಷ್ಟು: ಓಟಿಗೆ ತನ್ನದೇ ಆದ ಮ್ಯಾಜಿಕ್ ಏನಿಲ್ಲ. ಆ ಹೊತ್ತಿಗೆ ಕಂಪನಿಗೆ ನೀವು ಎಷ್ಟು ಬೇಕು ಅನ್ನೋದರ ಮೇಲೆ ಅದರ ಬಲ ನಿಂತಿದೆ. ಇನ್ನೊಂದು, ಶೇ. 94 ಅಂದ್ರೆ ಹೆಚ್ಚುಕಮ್ಮಿ ಎಲ್ಲರೂ ಒಂದೇ ಕಡೆ. ಶೇ. 57 ಅಂದ್ರೆ ಮನೆಯೊಳಗೇ ಎರಡು ಅಭಿಪ್ರಾಯ. ಎದುರು ಕೂತ ಮ್ಯಾನೇಜ್‌ಮೆಂಟ್‌ಗೆ ಈ ನಂಬರ್ ಚೆನ್ನಾಗಿ ಓದೋಕೆ ಬರುತ್ತೆ.

ನಮ್ಮಲ್ಲಿ ಬಹಳ ಜನಕ್ಕೆ ಯೂನಿಯನ್ನೂ ಇಲ್ಲ, ಬ್ಯಾಲಟ್ಟೂ ಇಲ್ಲ. ಆದ್ರೂ ಮುಂದಿನ ಸಲ ಆಫರ್ ಲೆಟರ್ ಬಂದಾಗ ಮೂರು ವಿಷಯ ನೋಡಿ. ಬೆಲೆ ಏರಿಕೆ ಕಳೆದ್ರೆ ಕೈಗೆಷ್ಟು ಉಳಿಯುತ್ತೆ? ನನ್ನ ಟೈಮ್ ಯಾರ ಕೈಲಿದೆ? ಬೇಡ ಅಂದ್ರೆ ಎಷ್ಟು ದಿನ ಕಾಯಬಲ್ಲೆ?

ನೀವಾಗಿದ್ರೆ ಯಾವ ಕಡೆ ಓಟು ಹಾಕ್ತಿದ್ರಿ? ವಾಯ್ಸ್ ನೋಟ್ ಕಳಿಸಿ, ಕೇಳ್ತೀನಿ. ಮುಂದಿನ ವಾರ ಸಿಗೋಣ.