ಗಾಲಿಯ ಮೇಲಿನ ಬಿಡಾರ

(ಉಪನ್ಯಾಸದ ಬರಹರೂಪ)



ಹುಬ್ಬಳ್ಳಿಯ ಒಂದು ಕುಟುಂಬ ನಾಲ್ಕು ದಿನ ಮಲೆನಾಡು ಸುತ್ತಿ ಬರಲು ಹೊರಟಿದೆ ಎಂದಿಟ್ಟುಕೊಳ್ಳಿ. ಕಲಘಟಗಿ ದಾಟಿ ಯಲ್ಲಾಪುರ, ಅಲ್ಲಿಂದ ಶಿರಸಿ, ಮುಂದೆ ಸಿದ್ದಾಪುರ, ಕೊನೆಗೆ ಜೋಗ. ಎಲ್ಲ ಸೇರಿ 200 ಕಿಲೋಮೀಟರಿನೊಳಗಿನ ದಾರಿ. ಲಾಡ್ಜು, ಹೋಟೆಲುಗಳ ಗೊಡವೆಯೇ ಬೇಡವೆಂದು ಅವರು ಬಾಡಿಗೆಗೆ ಹಿಡಿದಿರುವುದು ಒಂದು ಕ್ಯಾಂಪರ್ ವ್ಯಾನ್. ಮಲಗಲು ಹಾಸಿಗೆ, ಅನ್ನ ಬೇಯಿಸಲು ಗ್ಯಾಸ್ ಒಲೆ, ನೀರಿನ ಟ್ಯಾಂಕು, ಕೆಲವದರಲ್ಲಿ ಶೌಚಾಲಯ ಕೂಡ, ಎಲ್ಲವೂ ಗಾಡಿಯೊಳಗೇ. ಮನಸ್ಸು ಬಂದಲ್ಲಿ ನಿಲ್ಲಬಹುದು, ಕತ್ತಲಾದಲ್ಲಿ ಮಲಗಬಹುದು ಎಂಬುದೇ ಇದರ ಆಕರ್ಷಣೆ. ಆ ಮಾತು ಎಷ್ಟರಮಟ್ಟಿಗೆ ನಿಜ ಎಂಬುದನ್ನು ಇದೇ ದಾರಿಯನ್ನು ಮುಂದಿಟ್ಟುಕೊಂಡು ನೋಡಬಹುದು.

ಮನೆಯನ್ನು ಗಾಲಿಯ ಮೇಲೆ ಹೊತ್ತು ತಿರುಗುವುದು ಉತ್ತರ ಕರ್ನಾಟಕಕ್ಕೆ ಹೊಸ ಸಂಗತಿಯಲ್ಲ. ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹುಣ್ಣಿಮೆಯ ಜಾತ್ರೆಗೆ ಇಂದಿಗೂ ಸವಾರಿ ಬಂಡಿಗಳ ಸಾಲು ಬರುತ್ತದೆ. ಬಂಡಿಯ ಮೇಲೆ ಕಮಾನು, ಕೆಳಗೆ ಹುಲ್ಲಿನ ಮೆತ್ತೆ, ಮೂಲೆಯಲ್ಲಿ ರೊಟ್ಟಿಯ ಬುತ್ತಿ, ಎತ್ತುಗಳಿಗೆ ಮೇವು. ಎರಡು ವರ್ಷಕ್ಕೊಮ್ಮೆ ನಡೆಯುವ ಶಿರಸಿಯ ಮಾರಿಕಾಂಬಾ ಜಾತ್ರೆಗೂ ಮೋಟಾರು ಬರುವ ಮೊದಲು ಜನ ಬಂದದ್ದು ಕಾಲ್ನಡಿಗೆಯಲ್ಲಿ ಅಥವಾ ಬಂಡಿಯಲ್ಲಿ. ಎತ್ತು ಬಿಚ್ಚಿದಲ್ಲಿ ಮೂರು ಕಲ್ಲಿಟ್ಟರೆ ಒಲೆ, ಬಂಡಿಯ ಕೆಳಗೆ ಕಂಬಳಿ ಹಾಸಿದರೆ ಮಲಗುವ ಮನೆ. ಇದನ್ನು ಕನ್ನಡಿಗರು ಬಿಡಾರ ಎಂದರು. ಬಿಡು ಎಂಬ ಮಾತಿಗೆ ಸೇರಿದ ಈ ಪದದಲ್ಲಿ ನಿಲುಗಡೆಯ ಅರ್ಥವೇ ಮುಖ್ಯವಾದದ್ದು. ಗಾಡಿ ಯಾವುದೆಂಬುದಕ್ಕಿಂತ ಅದು ಎಲ್ಲಿ ನಿಂತಿತು ಎಂಬುದನ್ನು ಅದು ಹೇಳುತ್ತದೆ.

ಘಟ್ಟದ ದಾರಿಗಳಲ್ಲಿ ಈ ನಿಲುಗಡೆಗೆ ಇನ್ನೂ ಹೆಚ್ಚಿನ ಬೆಲೆ ಇತ್ತು. ರಸ್ತೆಗಳು ಆಗುವ ಮೊದಲು ಲಂಬಾಣಿಗರು ಹೇರೆತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಮೇಲಕ್ಕೆ, ಘಟ್ಟದ ಮೇಲಿನ ದವಸವನ್ನು ಕೆಳಕ್ಕೆ ಸಾಗಿಸುತ್ತಿದ್ದರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂತು. ಧಾರವಾಡದ ಹತ್ತಿಗೆ ಬೇಡಿಕೆ ಏರಿತು. ಆ ಹತ್ತಿ ಕುಮಟಾ, ಕಾರವಾರಗಳ ಬಂದರಿಗೆ ಇಳಿಯಬೇಕಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ದೇವಿಮನೆ ಮತ್ತು ಅರಬೈಲು ಘಟ್ಟಗಳಲ್ಲಿ ಓಡಾಡಿದ ಆ ಬಂಡಿಗಳಿಗೆ ನೀರು, ಮೇವು, ಜೊತೆಗಾರರು ಸಿಗುವ ನೆಲೆಗಳು ಬೇಕೇಬೇಕಿದ್ದವು. ಬಂಡಿಯನ್ನು ಬಾಡಿಗೆಗೆ ಹಿಡಿದವನಿಗೆ ಬಂಡಿಯ ಜೊತೆಗೆ ಹೊಡೆಯುವವನೂ ಸಿಗುತ್ತಿದ್ದ. ಯಾವ ಹಳ್ಳದ ನೀರು ಕುಡಿಯಲು ತಕ್ಕದ್ದು, ಯಾವ ಊರಿನಲ್ಲಿ ಯಾರನ್ನು ಕೇಳಿ ಎತ್ತು ಬಿಚ್ಚಬೇಕು ಎಂಬ ಅವನ ತಿಳಿವಳಿಕೆಯೂ ಬಾಡಿಗೆಯೊಳಗೇ ಸೇರಿರುತ್ತಿತ್ತು.

ಇಂಥ ಗಾಡಿಯನ್ನು ಮೋಜಿನ ಪ್ರವಾಸಕ್ಕೆ ಬಳಸುವುದು ಯುರೋಪಿನಲ್ಲಿ ಬೆಳೆದ ರೂಢಿ. ಗಾರ್ಡನ್ ಸ್ಟೇಬಲ್ಸ್ ಎಂಬ ಸ್ಕಾಟ್ಲೆಂಡಿನ ವೈದ್ಯ, ಲೇಖಕ 1885ರಲ್ಲಿ ‘ವಾಂಡರರ್’ ಎಂಬ ಕುದುರೆ ಗಾಡಿಯನ್ನು ಮನೆಯಂತೆಯೇ ಕಟ್ಟಿಸಿ ಬ್ರಿಟನ್ ಸುತ್ತಿದ. ಅವನ ಜೊತೆಗೂ ಗಾಡಿ ಹೊಡೆಯುವವನಿದ್ದ. ಎದುರು ಬರುವವರನ್ನು ಎಚ್ಚರಿಸಲು ಮೂರು ಗಾಲಿಯ ಸೈಕಲ್ಲಿನಲ್ಲಿ ಮುಂದೆ ಸಾಗುವ ಆಳೂ ಇದ್ದ. 1950ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನ್ ಹೊರಬಂದ ಮೇಲೆ ಈ ಹವ್ಯಾಸ ಸಾಮಾನ್ಯ ಕುಟುಂಬಗಳಿಗೂ ಎಟುಕಿತು. ವ್ಯಾನ್ ಎಂಬ ಇಂಗ್ಲಿಷ್ ಪದ ಕ್ಯಾರವಾನ್ ಎಂಬುದರ ತುಂಡು; ಅದರ ಮೂಲ ಪರ್ಷಿಯನ್ ಭಾಷೆಯ ಕಾರವಾನ್, ಅಂದರೆ ಕೂಡಿ ಸಾಗುವ ವರ್ತಕರ ತಂಡ. ಗುಂಪನ್ನು ಹೇಳುತ್ತಿದ್ದ ಪದ ಕ್ರಮೇಣ ಒಂಟಿ ಗಾಡಿಗೆ ಅಂಟಿಕೊಂಡಿತು.

ಇನ್ನು ಬಾಡಿಗೆಯ ವಿಚಾರ. ನಮ್ಮ ದೇಶದಲ್ಲಿ ಗಿರಾಕಿಯೇ ಓಡಿಸಲೆಂದು ಬಾಡಿಗೆಗೆ ಕೊಡುವ ಡೀಸೆಲ್ ಗಾಡಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರ ಇರಬೇಕು. ಚಾಲಕನ ಸಮೇತ ಬರುವ ಬಾಡಿಗೆ ಗಾಡಿಗೆ ಹಳದಿ ಫಲಕ, ಕಪ್ಪು ಅಕ್ಷರ. ಬಿಳಿ ಫಲಕದ ಸ್ವಂತ ವಾಹನವನ್ನು ಬಾಡಿಗೆಗೆ ಬಿಡುವುದು ಕಾನೂನಿಗೆ ವಿರುದ್ಧ. ಅಂಥ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆಯ ಹಣಕ್ಕೂ ತೊಡಕು. ಗಾಡಿ ಹಿಡಿಯುವವರು ಹಾಸಿಗೆ, ಒಲೆಗಳನ್ನು ನೋಡುವ ಮೊದಲು ಫಲಕ, ವಿಮೆಯ ಕಾಗದ ಮತ್ತು ಬ್ರೇಕು ನೋಡುವುದು ಮೇಲು. ಯಲ್ಲಾಪುರದಿಂದ ಸಿದ್ದಾಪುರದವರೆಗೆ ಘಟ್ಟದ ಮೇಲಿನ ದಾರಿಯೇನೋ ಸರಿ. ಆದರೆ ಅರಬೈಲು, ದೇವಿಮನೆ, ದೊಡ್ಡಮನೆ, ಮಾಳೆಮನೆ ಘಟ್ಟಗಳಲ್ಲಿ ಸಮುದ್ರದತ್ತ ಇಳಿಯುವಾಗ ಎತ್ತರದ ಭಾರದ ಗಾಡಿಯನ್ನು ಕೆಳಗಿನ ಗೇರಿನಲ್ಲೇ ಇಳಿಸಬೇಕು. ಮಳೆಗಾಲದಲ್ಲಂತೂ ಆ ಸಾಹಸ ಬೇಡ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು; 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜರಿದು ಜೀವಹಾನಿಯಾಯಿತು. ಇಳಿಜಾರಿನ ಕೆಳಗೆ ಗಾಡಿ ನಿಲ್ಲಿಸಿ ಮಲಗುವವರು ಇವನ್ನು ಮರೆಯಬಾರದು.

ನಿಜವಾದ ಪ್ರಶ್ನೆ ಏಳುವುದು ಸಿದ್ದಾಪುರದ ಆಸುಪಾಸಿನಲ್ಲಿ ಕತ್ತಲಾದಾಗ. ರಸ್ತೆಯ ಬದಿಗೆ ಮರಗಳ ನೆರಳಿನಲ್ಲಿ ಖಾಲಿ ಜಾಗ ಕಾಣುತ್ತದೆ. ಬಯಲುಸೀಮೆಯ ಕಣ್ಣಿಗೆ ಅದು ಯಾರದೂ ಅಲ್ಲದ ಕಾಡು. ಆದರೆ ಅದು ರಕ್ಷಿತಾರಣ್ಯವಾಗಿದ್ದರೆ ಅಪ್ಪಣೆಯಿಲ್ಲದೆ ತಂಗುವುದೂ ಬೆಂಕಿ ಹಚ್ಚುವುದೂ ಅಪರಾಧ. ಇಲ್ಲವೇ ಅದು ಯಾವುದೋ ಅಡಿಕೆ ತೋಟಕ್ಕೆ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟವಾಗಿರಬಹುದು. ತೋಟಿಗರು ಗೊಬ್ಬರಕ್ಕೆ ಸೊಪ್ಪು, ದರಕು ತರುವುದು ಅಲ್ಲಿಂದಲೇ. ಬೇಸಿಗೆಯ ಒಣ ದರಕಿಗೆ ಒಂದು ಕಿಡಿ ಬಿದ್ದರೆ ಹೋಗುವುದು ಒಂದು ಮನೆಯ ವರ್ಷದ ಗೊಬ್ಬರ.

ಎರಡನೆಯದು ನೀರು. ಈ ಸೀಮೆಯಲ್ಲಿ ತೋಟ, ಮನೆಗಳು ಕಣಿವೆಯ ತಳದಲ್ಲಿ. ರಸ್ತೆ ಅನೇಕ ಕಡೆ ಮೇಲೆ. ಗುಡ್ಡದ ಒರತೆಯ ನೀರು ತಾನಾಗಿ ಇಳಿದು ತೋಟಕ್ಕೂ ಬಚ್ಚಲಿಗೂ ಅಡುಗೆಮನೆಗೂ ಬರುತ್ತದೆ. ಗಾಡಿಯ ಪಾತ್ರೆ ತೊಳೆದ ನೀರನ್ನೋ ಶೌಚದ ಟ್ಯಾಂಕನ್ನೋ ರಸ್ತೆ ಬದಿಯ ಹಳ್ಳಕ್ಕೆ ಸುರಿದರೆ ಅದು ಹೋಗುವುದು ಯಾರದೋ ಬಾವಿಗೆ. ಮುಂದೆ ಅದೇ ನೀರು ಸೇರುವ ಅಘನಾಶಿನಿ, ಶಿರಸಿಯಲ್ಲಿ ಹುಟ್ಟಿ ಎಲ್ಲಿಯೂ ದೊಡ್ಡ ಅಣೆಕಟ್ಟಿಗೆ ಸಿಗದೆ ಸಮುದ್ರ ಮುಟ್ಟುವ ನದಿ. ಎತ್ತಿನ ಬಂಡಿ ಬಿಟ್ಟು ಹೋಗುತ್ತಿದ್ದುದು ಸಗಣಿ ಮತ್ತು ಬೂದಿ, ಎರಡೂ ಗೊಬ್ಬರ. ಈ ಗಾಡಿ ಬಿಟ್ಟು ಹೋಗುವುದನ್ನು ನೆಲ ಅರಗಿಸಿಕೊಳ್ಳಲಾರದು.

ಮೂರನೆಯದು ಆರೋಗ್ಯ. ಮಂಗನ ಕಾಯಿಲೆಯ ವೈರಸ್ಸನ್ನು 1957ರಲ್ಲಿ ಮೊದಲು ಗುರುತಿಸಿದ್ದು ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಉಣುಗುಗಳ ಮೂಲಕ ಹರಡುವ ಈ ಜ್ವರ 2024ರಲ್ಲಿ ಸಿದ್ದಾಪುರ ತಾಲೂಕನ್ನು ತೀವ್ರವಾಗಿ ಕಾಡಿ ಜೀವಗಳನ್ನು ತೆಗೆದುಕೊಂಡಿತು. ಇದು ಹೆಚ್ಚುವುದು ಬೇಸಿಗೆಯ ತಿಂಗಳುಗಳಲ್ಲಿ, ಅಂದರೆ ಪ್ರವಾಸಿಗಳು ಬರುವ ಕಾಲದಲ್ಲೇ. ಮಳೆಗಾಲದ ಉಂಬಳ ಕಚ್ಚಿದರೆ ರಕ್ತ ಹೋದೀತು, ಅಷ್ಟೆ. ಉಣುಗಿನ ಮಾತು ಬೇರೆ. ತರಗೆಲೆಯ ಮೇಲೆ ಚಾಪೆ ಹಾಸುವ ಮೊದಲು ಊರಿನವರನ್ನು ಒಂದು ಮಾತು ಕೇಳಿದರೆ, ಹತ್ತಿರದಲ್ಲಿ ಮಂಗ ಸತ್ತಿದೆಯೇ ಎಂಬುದು ಗೊತ್ತಾಗುತ್ತದೆ.

ಹಾಗಾದರೆ ಈ ಗಾಡಿಗಳು ಬರಬಾರದೇ? ಬರಬಹುದು. ಕರ್ನಾಟಕದ 2020–25ರ ಪ್ರವಾಸೋದ್ಯಮ ನೀತಿ ಕ್ಯಾರವಾನ್ ಪ್ರವಾಸಕ್ಕೆ ಜಾಗ ಕೊಟ್ಟಿತು. ಕೇರಳ 2021ರಲ್ಲಿ ತನ್ನ ನೀತಿಯಲ್ಲಿ ಗಾಡಿಯ ಜೊತೆಗೇ ಗಾಡಿ ನಿಲ್ಲುವ ತಾಣವನ್ನೂ ಸೇರಿಸಿತು. ಈ ಎರಡನೆಯ ಭಾಗವೇ ಮುಖ್ಯ. ಸಿದ್ದಾಪುರ, ಶಿರಸಿ, ಯಲ್ಲಾಪುರಗಳಲ್ಲಿ ಮನೆಯಂಗಳವನ್ನು ಪ್ರವಾಸಿಗಳಿಗೆ ತೆರೆದಿರುವ ಕೃಷಿಕರಿದ್ದಾರೆ. ನಾಲ್ಕು ಗಾಡಿ ನಿಲ್ಲುವ ಗಟ್ಟಿ ನೆಲ, ಒಂದು ನಲ್ಲಿ, ವಿದ್ಯುತ್ತಿನ ಒಂದು ಸಂಪರ್ಕ, ಟ್ಯಾಂಕು ಬರಿದು ಮಾಡಲು ಸರಿಯಾದ ಶೌಚಗುಂಡಿ ಇಷ್ಟಿದ್ದರೆ ಬಿಡಾರ ಸಿದ್ಧ. ಗ್ರಾಮ ಪಂಚಾಯಿತಿಯೂ ಇದನ್ನು ಮಾಡಬಹುದು. ರಾತ್ರಿಯ ಬಾಡಿಗೆ ಊರಿಗೇ ಉಳಿಯುತ್ತದೆ.

ಅಲ್ಲಿಯವರೆಗೆ ಹುಬ್ಬಳ್ಳಿಯ ಆ ಕುಟುಂಬ ಮಾಡಬೇಕಾದದ್ದು ಇಷ್ಟೆ. ಸಂಜೆ ಐದಕ್ಕೇ ಒಂದು ಮನೆಯ ದಣಪೆಯ ಬಳಿ ಗಾಡಿ ನಿಲ್ಲಿಸಿ, “ಈ ರಾತ್ರಿ ಇಲ್ಲಿ ನಿಲ್ಲಬಹುದೇ?” ಎಂದು ಕೇಳುವುದು. ಗಾಡಿಯ ಬಾಡಿಗೆಯನ್ನು ಅವರು ಪೇಟೆಯಲ್ಲೇ ಕೊಟ್ಟಾಗಿದೆ. ಬಿಡಾರಕ್ಕೆ ಮಾತ್ರ ಊರಿನವರ ಒಪ್ಪಿಗೆ ಬೇಕು.