ಹಿತ್ತಿಲಲ್ಲಿ ನಿಂತ ಹಳೆಯ ಜೀಪಿಗೆ ಮೈದುರಸ್ತಿ
(ಕೊಟ್ಟೂರಿನಲ್ಲಿ ಸೇರಿದ್ದ ರೈತರ ಕೂಟದಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ವಿಷಯ ಹೇಳಬೇಕಾದ ನಾನು ಇಂದು ತಗಡು, ತುಕ್ಕು, ಬಣ್ಣಗಳ ಮಾತೆತ್ತಿದ್ದೇಕೆ ಎಂದು ತಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಕಾರಣ ಉಂಟು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಹಳ್ಳಿಗಳಲ್ಲಿ ತಿರುಗುವಾಗ ಬೇವಿನ ಮರದ ಕೆಳಗೋ ಬಣವೆಯ ಮಗ್ಗುಲಲ್ಲೋ ನಿಂತ ಹಳೆಯ ಜೀಪು, ಜೀಪಿನ ಪಿಕಪ್ ಆಗಾಗ ಕಣ್ಣಿಗೆ ಬೀಳುತ್ತದೆ. ಅದರೊಳಗೆ ಕೋಳಿ ಮಲಗಿರುತ್ತದೆ. ವಿಚಾರಿಸಿದರೆ, "ಇಂಜಿನ್ನು ಗಟ್ಟಿ ಐತಿ ಸಾಹೇಬರೆ, ಬಾಡಿ ಹೋಗೇತಿ" ಎನ್ನುತ್ತಾರೆ. ಗುಜರಿಯವನು ತೂಕದ ಲೆಕ್ಕದಲ್ಲಿ ಕೇಳಿ ಹೋಗಿರುತ್ತಾನೆ. ಕೊಡುವುದೋ ಇಟ್ಟುಕೊಳ್ಳುವುದೋ ಎಂಬ ತೀರ್ಮಾನವನ್ನು ಬಹಳ ಜನ ಗಾಡಿಯ ಕೆಳಗೆ ಒಮ್ಮೆಯೂ ಬಗ್ಗಿ ನೋಡದೆ ಮಾಡುತ್ತಾರೆ. ಹೀಗಾಗಿ ಉಳಿಯಬೇಕಾದ ಗಾಡಿ ಗುಜರಿಗೆ ಹೋಗುತ್ತದೆ. ಹೋಗಬೇಕಾದ ಗಾಡಿ ಬಣ್ಣ ಹೊಡೆಸಿಕೊಂಡು ಮಕ್ಕಳನ್ನು ಕೂರಿಸಿಕೊಂಡು ರಸ್ತೆಗೆ ಬರುತ್ತದೆ. ಎರಡೂ ನಷ್ಟವೇ, ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು.

ಜೀಪು ನಮ್ಮ ಹಳ್ಳಿಗಳಿಗೆ ಹೊಸದಲ್ಲ. 1945ರಲ್ಲಿ ಹುಟ್ಟಿದ ಮಹೀಂದ್ರ ಕಂಪನಿ 1947ರಿಂದ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿ, ಮುಂದೆ ದೇಶದಲ್ಲಿಯೇ ತಯಾರಿಸಿತು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾದ ಮೇಲೆ ಧೂಳೆಬ್ಬಿಸಿಕೊಂಡು ಬರುವ ಬ್ಲಾಕಿನ ಜೀಪೆಂದರೆ ಸರ್ಕಾರವೇ ಬಂದಂತೆ ಎಂದು ನಮ್ಮ ಹಿರಿಯರು ತಿಳಿದಿದ್ದರು. ಆ ಕಾಲದ ಜೀಪಿನ ಬಾಡಿಯಲ್ಲಿ ಒಂದು ಗುಣವಿದೆ. ಬಾನೆಟ್ ಚಪ್ಪಟೆ, ಮಡ್‌ಗಾರ್ಡ್ ಚಪ್ಪಟೆ, ಮಗ್ಗುಲಿನ ತಗಡು ನೆಟ್ಟಗೆ. ಇಂದಿನ ಕಾರುಗಳಂತೆ ಉಬ್ಬುತಗ್ಗುಗಳಿಲ್ಲ. ಬಂಡಿಯ ಚಕ್ರಕ್ಕೆ ಪಟ್ಟಿ ಹೊಡೆಯಬಲ್ಲ ಕಮ್ಮಾರನಿಗೆ ಈ ತಗಡು ಬಗ್ಗಿಸುವುದು ಹೊಸ ವಿದ್ಯೆಯೇನಲ್ಲ. ಇಂಥ ಗಾಡಿಯ ಬಾಡಿಯನ್ನು ಮನೆಯಂಗಳದಲ್ಲಿ ಸರಿಪಡಿಸಬಹುದೆಂದು ನಾನು ಧೈರ್ಯವಾಗಿ ಹೇಳುವುದು ಅದಕ್ಕಾಗಿಯೇ.

ಮೊದಲು ತುಕ್ಕಿನ ಸ್ವಭಾವ ತಿಳಿಯೋಣ. ನಮ್ಮ ಕಡೆ ಜಂಗು ಎನ್ನುವುದು ಇದನ್ನೇ. ಕಬ್ಬಿಣಕ್ಕೆ ಗಾಳಿ ಮತ್ತು ನೀರು ಎರಡೂ ತಾಗಿದರೆ ತುಕ್ಕು. ಅದು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಮಿಕ್ಕಿ ಜಾಗ ಬೇಡುತ್ತದೆ. ಆದುದರಿಂದಲೇ ಬಣ್ಣವನ್ನು ಗುಳ್ಳೆಯಂತೆ ಎಬ್ಬಿಸುತ್ತದೆ. ಮೇಲೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಕೆಲಸ ಬಹಳ ಮುಂದುವರಿದಿರುತ್ತದೆ, ಬೇರುಹುಳು ಬಿದ್ದ ಶೇಂಗಾ ಗಿಡ ಮೇಲೆ ಬಾಡುವುದು ಕೊನೆಗಲ್ಲವೇ, ಹಾಗೆ.

"ನಮ್ಮದು ಒಣ ಸೀಮೆ, ಮಳೆಯೇ ಕಡಿಮೆ, ತುಕ್ಕು ಎಲ್ಲಿಂದ ಬಂತು?" ಎಂದು ತಾವು ಕೇಳಬಹುದು. ಇಲ್ಲಿ ಮಾತ್ರ ನನ್ನ ಓದು ಉಪಯೋಗಕ್ಕೆ ಬರುತ್ತದೆ. ತುಕ್ಕು ಬರುವುದು ಮಳೆಯಿಂದ ಮಾತ್ರವಲ್ಲ, ತಾವು ಹೇರಿದ ಸರಕಿನಿಂದ. ಪೊಟ್ಯಾಷ್ ಗೊಬ್ಬರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಕ್ಲೋರಿನ್ ಅಂಶವಿದೆ. ಅದು ಅಡಿಗೆ ಉಪ್ಪಿನ ಅಣ್ಣತಮ್ಮ. ಚೀಲ ಹರಿದು ಎರಡು ಹಿಡಿ ತಗಡಿನ ಸಂದಿಗೆ ಬಿದ್ದರೆ ಗಾಳಿಯ ತೇವವನ್ನು ಎಳೆದುಕೊಂಡು ಉಪ್ಪುನೀರಾಗುತ್ತದೆ. ಅಮೋನಿಯಂ ಸಲ್ಫೇಟ್ ಹುಳಿ ಸ್ವಭಾವದ್ದು. ಸಗಣಿಗೊಬ್ಬರ ತೇವ ಬಿಡುವುದೇ ಇಲ್ಲ. ಇನ್ನು ಮಣ್ಣು. ಕೂಡ್ಲಿಗಿಯ ಕೆಂಪು ಮಸಾರಿ ಮಡ್‌ಗಾರ್ಡಿನ ಒಳಗೆ ಅಂಟಿದರೂ ಒಣಗಿ ಉದುರುತ್ತದೆ. ಹಡಗಲಿ, ಹರಪನಹಳ್ಳಿಯ ಎರೆಮಣ್ಣು ಹಾಗಲ್ಲ. ಹೊಲದಲ್ಲಿ ತೇವ ಹಿಡಿದು ಬಿಳಿಜೋಳ ಬೆಳೆಸುವ ಅದೇ ಗುಣದಿಂದ ಗಾಡಿಯ ಕೆಳಗೂ ವಾರಗಟ್ಟಲೆ ತೇವ ಹಿಡಿಯುತ್ತದೆ. ಬೆಳೆಗೆ ಒಳ್ಳೆಯದು, ತಗಡಿಗೆ ಮೃತ್ಯು.

ಈಗ ಪರೀಕ್ಷೆ. ಗಾಡಿಯನ್ನು ಮೇಲೆ ಕೆಳಗೆ ಚೆನ್ನಾಗಿ ತೊಳೆದು ಎರಡು ದಿನ ಬಿಸಿಲಿಗೆ ಬಿಡಿ. ಒಂದು ಸೀಮೆಸುಣ್ಣ, ಒಂದು ಸ್ಕ್ರೂ ಡ್ರೈವರ್, ಹಳೆಯ ರೇಡಿಯೊ ಸ್ಪೀಕರಿನ ಒಂದು ಅಯಸ್ಕಾಂತ ಸಾಕು. ಅಯಸ್ಕಾಂತವನ್ನು ತೆಳ್ಳನೆ ಬಟ್ಟೆಯಲ್ಲಿ ಸುತ್ತಿ ಬಾಡಿಯ ಮೇಲೆ ಆಡಿಸಿ. ಹಿಡಿದರೆ ಅಲ್ಲಿ ತಗಡು ಇದೆ. ಜಾರಿ ಬಿದ್ದರೆ ಹಿಂದೆ ಯಾರೋ ಪುಟ್ಟಿ ಮೆತ್ತಿ ತೂತು ಮುಚ್ಚಿದ್ದಾರೆ. ಸ್ಕ್ರೂ ಡ್ರೈವರಿನ ತುದಿಯಿಂದ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಹಿಂದಿನ ಡಬ್ಬದ ಮೂಲೆಗಳು, ಬಾಡಿಯನ್ನು ಚಾಸಿಗೆ ಬಿಗಿದ ಬೋಲ್ಟುಗಳ ಸುತ್ತ ಒತ್ತಿ ನೋಡಿ. ಠಣ್ ಎಂದರೆ ಗಟ್ಟಿ. ಒಳಕ್ಕೆ ಹೋದರೆ ಅಲ್ಲಿ ಸುಣ್ಣದ ಗುರುತು ಹಾಕಿ.

ಆಮೇಲೆ ಚಾಸಿ. ಇದು ಇಡೀ ಮಾತಿನ ಮುಖ್ಯ ಭಾಗ. ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಕಡೆ, ಸ್ಟೀರಿಂಗ್ ಪೆಟ್ಟಿಗೆ ಕೂತ ಕಡೆ ಕಬ್ಬಿಣ ಪದರು ಪದರಾಗಿ ಏಳುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಮನೆಯಲ್ಲಿ ಕೆಲಸ ಬೇಡ. ಚಾಸಿಗೆ ಬೆಸುಗೆ ಹಾಕುವುದು ಅಂಗಳದ ಕೆಲಸವಲ್ಲ. ತಿಳಿದ ಮೇಸ್ತ್ರಿಗೆ ತೋರಿಸಿ. ಆತ ಆಗದೆಂದರೆ ಗಾಡಿಯನ್ನು ಬಿಡಿ. ಬಿಡುವಾಗ ಸಂತೆಯ ಗುಜರಿಗೆ ಸುಮ್ಮನೆ ಕೊಡಬೇಡಿ. 2021ರ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳಿವೆ. ಅಲ್ಲಿ ಕೊಟ್ಟು ಪ್ರಮಾಣಪತ್ರ ಪಡೆದು ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿ ರದ್ದು ಮಾಡಿಸಿ. ಇಲ್ಲವಾದರೆ ಆ ನಂಬರು ಎಲ್ಲಿ ಏನು ಮಾಡಿದರೂ ಕೇಳುವುದು ತಮ್ಮ ಹೆಸರನ್ನೇ.

ಚಾಸಿ ಗಟ್ಟಿಯಿದ್ದು ಬಾಡಿ ಮಾತ್ರ ಕೆಟ್ಟಿದ್ದರೆ ಕೆಲಸ ಹಿಡಿಯಬಹುದು. ಕಾಲ ಯಾವುದು? ಶೇಂಗಾ, ಮೆಕ್ಕೆಜೋಳ ಮನೆಗೆ ಬಂದು ಕೈ ಬಿಡುವಾದ ಮೇಲೆ, ಡಿಸೆಂಬರಿನಿಂದ ಮೈಲಾರದ ಜಾತ್ರೆಯವರೆಗೆ. ಗಾಳಿ ಒಣಗಿರುತ್ತದೆ, ಬಿಸಿಲು ಹಿತ. ಆಷಾಢದ ಗಾಳಿಯಲ್ಲಿ ಬಣ್ಣಕ್ಕೆ ಕೈ ಹಾಕಿದರೆ ಅರ್ಧ ಬಣ್ಣ, ಅರ್ಧ ಧೂಳು.

ಬಿಚ್ಚುವ ಮುನ್ನ ಮೊಬೈಲಿನಲ್ಲಿ ಎಲ್ಲ ಕಡೆಯಿಂದ ಚಿತ್ರ ತೆಗೆದಿಡಿ. ಬಿಚ್ಚಿದ ಬೋಲ್ಟುಗಳನ್ನು ಭಾಗವಾರು ಡಬ್ಬಿಗಳಲ್ಲಿ ಹಾಕಿ ಹೆಸರು ಬರೆಯಿರಿ. ಹಟ ಹಿಡಿದ ಬೋಲ್ಟಿಗೆ ರಾತ್ರಿಯೆಲ್ಲ ಡೀಸೆಲ್ ನೆನೆಸಿ, ಬೆಳಗ್ಗೆ ಮೊದಲು ಒಂದು ಕೂದಲೆಳೆಯಷ್ಟು ಬಿಗಿದು ಆಮೇಲೆ ಸಡಿಲಿಸಿ. ಬ್ಯಾಟರಿಯ ತಂತಿ ಬಿಚ್ಚಿಡಿ.

ಇಂಧನದ ಟ್ಯಾಂಕಿನ ಮಾತು ಬೇರೆಯೇ ಹೇಳಬೇಕು. ಹಳೆಯ ಜೀಪುಗಳಲ್ಲಿ ಇದು ಚಾಲಕನ ಆಸನದ ಕೆಳಗೇ ಇರುವುದುಂಟು. ಬೆಸುಗೆ ಆರಂಭಿಸುವ ಮೊದಲು ಟ್ಯಾಂಕು ಗಾಡಿಯಿಂದ ಇಳಿದು ದೂರ ಹೋಗಿರಬೇಕು. "ಖಾಲಿ ಐತಿ, ಏನೂ ಆಗೋದಿಲ್ಲ" ಎನ್ನುವ ಮಾತಿನಷ್ಟು ಅಪಾಯದ ಮಾತು ಇನ್ನೊಂದಿಲ್ಲ. ತುಂಬಿದ ಪೆಟ್ರೋಲು ಉರಿಯುತ್ತದೆ. ಖಾಲಿ ಟ್ಯಾಂಕಿನೊಳಗಿನ ಆವಿ ಗಾಳಿಯೊಡನೆ ಬೆರೆತು ಸಿಡಿಯುತ್ತದೆ. ಟ್ಯಾಂಕು ಸೋರುತ್ತಿದ್ದರೆ ಅದಕ್ಕೆ ಮನೆಯಲ್ಲಿ ಬೆಸುಗೆ ಹಾಕಿಸಲೇಬೇಡಿ. ಬದಲಿ ಟ್ಯಾಂಕು ಕೊಳ್ಳಿರಿ. ದುಡ್ಡು ಉಳಿಸುವ ಜಾಗ ಇದಲ್ಲ.

ಇನ್ನು ತಗಡು. ಕೊಳೆತ ಭಾಗದ ಸುತ್ತ ಒಂದು ಅಂಗುಲ ಗಟ್ಟಿ ತಗಡು ಸೇರಿಸಿ ಕತ್ತರಿಸಿ. ಹಳೆಯ ಲಗ್ನಪತ್ರಿಕೆಯ ರಟ್ಟಿನಲ್ಲಿ ಅಚ್ಚು ತೆಗೆದು, ಅದರಂತೆ ಹೊಸ ತಗಡು ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಿ. ಕಪ್ಪು ತಗಡು, 18 ಗೇಜು, ಅಂದರೆ ಸುಮಾರು 1.2 ಮಿಲಿಮೀಟರು, ಜೀಪಿನ ಬಾಡಿಗೆ ಒಪ್ಪುತ್ತದೆ. ಮನೆಗೆ ಹೊದಿಸಿ ಉಳಿದ ಸತುವಿನ ತಗಡನ್ನು ಬಳಸೋಣವೆಂಬ ಆಸೆ ಸಹಜ. ಬೇಡ. ಬೆಸುಗೆಯ ಬಿಸಿಗೆ ಸತು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದವನು ಆ ರಾತ್ರಿ ಚಳಿಜ್ವರದಿಂದ ನಡುಗುತ್ತಾನೆ. ಬೆಸುಗೆಯನ್ನು ಒಂದೇ ಎಳೆಯಾಗಿ ಓಡಿಸಬಾರದು. ಇಲ್ಲೊಂದು ಚುಕ್ಕೆ, ಎದುರಿಗೊಂದು ಚುಕ್ಕೆ, ಆರಲು ಬಿಟ್ಟು ಮತ್ತೊಂದು. ಅವಸರ ಮಾಡಿದರೆ ತಗಡು ಹಪ್ಪಳದಂತೆ ಸುರುಳಿ ಏಳುತ್ತದೆ. ಬಾಗಿಲಿರುವ ಗಾಡಿಯಾದರೆ ಕೆಳಪಟ್ಟಿ ಕತ್ತರಿಸುವ ಮೊದಲು ಬಾಗಿಲ ಚೌಕಟ್ಟಿಗೆ ಅಡ್ಡ ಕಂಬಿ ಬಿಗಿಯಿರಿ. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಬಾಗಿಲು ಕೂರುವುದಿಲ್ಲ. ಬೆಸುಗೆಯ ಬೆಳಕನ್ನು ನೋಡಲು ಮಕ್ಕಳು ಸೇರುತ್ತಾರೆ. ಅವರನ್ನು ಶಾಲೆಯ ಹೊತ್ತಿಗೆ ಶಾಲೆಗೆ ಅಟ್ಟಿ.

ನೆಗ್ಗಿದ್ದನ್ನು ಎತ್ತಲು ಒಳಗೆ ಭಾರದ ಕಬ್ಬಿಣದ ಗಟ್ಟಿ ಹಿಡಿದು, ಹೊರಗೆ ಸಣ್ಣ ಸುತ್ತಿಗೆಯಿಂದ ಅಂಚಿನಿಂದ ನಡುವಿನ ಕಡೆಗೆ ಮೆಲ್ಲಗೆ ಬಡಿಯಬೇಕು. ನಡುವಿಗೇ ಜೋರಾಗಿ ಹೊಡೆದರೆ ತಗಡು ಹಿಗ್ಗಿ, ಎಣ್ಣೆ ಡಬ್ಬದ ತಳದಂತೆ ಒತ್ತಿದಾಗಲೆಲ್ಲ ಟಪಕ್ ಟಪಕ್ ಎನ್ನುತ್ತದೆ. ಇದರಲ್ಲಿ ಕಮ್ಮಾರನ ಕೈ ನನ್ನ ಮಾತಿಗಿಂತ ಮೇಲು.

ಹಳೆಯ ಬಣ್ಣ ಕೆರೆಯುವ ಕೆಲಸವನ್ನು ಸಣ್ಣದೆಂದು ತಿಳಿಯಬೇಡಿ. ಹಿಂದಿನ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ಸೀಸದ ಪುಡಿ ಮಕ್ಕಳ ಬುದ್ಧಿಯ ಬೆಳವಣಿಗೆಗೆ ವಿಷ. ದನಗಳಿಗೂ ವಿಷ. ದನ ನೆಕ್ಕುವ ಪ್ರಾಣಿ; ಬಣ್ಣದ ಸಿಪ್ಪೆಯನ್ನೂ ಒಡೆದ ಬ್ಯಾಟರಿಯ ಚೂರನ್ನೂ ನೆಕ್ಕುತ್ತದೆ. ಆಮೇಲೆ ಕಣ್ಣು ಕಾಣದಂತೆ ಗೋಡೆಗೆ ತಲೆ ಒತ್ತುತ್ತದೆ, ಹಲ್ಲು ಕಡಿಯುತ್ತದೆ, ಬಿದ್ದು ಒದ್ದಾಡುತ್ತದೆ. ಜನ ಅದನ್ನು ಹುಚ್ಚೆಂದೋ ಮಾಟವೆಂದೋ ತಿಳಿಯುತ್ತಾರೆ. ಇಂಥ ಲಕ್ಷಣ ಕಂಡರೆ ತಡಮಾಡದೆ ಪಶುವೈದ್ಯರನ್ನು ಕರೆತಂದು ಗಾಡಿ ಕೆರೆದ ವಿಷಯ ತಿಳಿಸಬೇಕು. ಆದುದರಿಂದ ಕಣದಲ್ಲಿ, ಕೊಟ್ಟಿಗೆಯ ಬಳಿ, ಮೇವಿನ ಬಣವೆಯ ಗಾಳಿಗೆ ಎದುರಾಗಿ ಈ ಕೆಲಸ ಸಲ್ಲದು. ದೂರದಲ್ಲಿ ತಾಡಪಾಲು ಹಾಸಿ, ವಾಟರ್ ಪೇಪರಿನಿಂದ ನೀರು ಹಚ್ಚಿ ಉಜ್ಜಿ. ಒಣ ಪುಡಿ ಹಾರಬಾರದು. ಮೂಗು ಬಾಯಿಗೆ ಒಳ್ಳೆಯ ಮಾಸ್ಕು ಇರಲಿ. ಉದುರಿದ್ದನ್ನೆಲ್ಲ ಒಟ್ಟು ಮಾಡಿ ಚೀಲಕ್ಕೆ ತುಂಬಿ ಕಟ್ಟಿಡಿ. ತಿಪ್ಪೆಗೆ ಹಾಕಬೇಡಿ, ತಿಪ್ಪೆ ಹೊಲಕ್ಕೆ ಹೋಗುತ್ತದೆ. ಕೈಕಾಲು ತೊಳೆದು ಬಟ್ಟೆ ಬದಲಿಸಿ ಒಳಗೆ ಹೋಗಿ.

ತಗಡು ಬೆಳ್ಳಗೆ ಹೊಳೆಯುವಂತಾದ ದಿನವೇ ಪ್ರೈಮರ್ ಬೀಳಬೇಕು. ರಾತ್ರಿ ಬಿಟ್ಟರೆ ಇಬ್ಬನಿಗೆ ಮತ್ತೆ ಕೆಂಪಾಗುತ್ತದೆ. ಪುಟ್ಟಿ ಗೀರು ಮುಚ್ಚಲಿಕ್ಕೆ, ಮೂರು ಮಿಲಿಮೀಟರಿಗಿಂತ ದಪ್ಪ ಬೇಡ. ತೂತಿಗೂ ತುಕ್ಕಿಗೂ ಪುಟ್ಟಿ ಮದ್ದಲ್ಲ. ಅದರ ಮೇಲೆ ಎನಾಮೆಲ್. ಗಟ್ಟಿಮಾಡುವ ದ್ರಾವಣ ಬೆರೆಸಿ ಸಿಂಪಡಿಸುವ ಎರಡು ಡಬ್ಬಿಯ ಬಣ್ಣ ಹೊಳಪಾಗಿ ಕಾಣುತ್ತದೆ, ನಿಜ. ಅದರ ಆವಿ ಪುಪ್ಪುಸಕ್ಕೆ ಕೆಟ್ಟದ್ದು, ಮನೆಯಂಗಳಕ್ಕೆ ತಕ್ಕುದಲ್ಲ. ದುಡಿಯುವ ಗಾಡಿಗೆ ಕುಂಚದಿಂದ ಬಳಿದ ಎರಡು ಕೈ ಎನಾಮೆಲ್ ಧಾರಾಳವಾಯಿತು. ಕುಂಚದ ಗೀರು ಕಂಡರೆ ಕಾಣಲಿ. ಬಳಿಯುವ ಮೊದಲು ಸುತ್ತ ನೆಲಕ್ಕೆ ನೀರು ಚಿಮುಕಿಸಿ.

ಹಿಂದಿನ ಡಬ್ಬಕ್ಕೆ ಕರಿಜಾಲಿ ಹಲಗೆ ಹಾಸುವವರು ಹಲಗೆಯ ಕೆಳಗಿನ ತಗಡಿಗೆ ಮೊದಲು ಬಣ್ಣ ಬಳಿದು, ನಡುವೆ ಗಾಳಿಯಾಡಲು ಸಂದು ಬಿಡಿ. ನೆಲದಲ್ಲಿ, ಬಾಗಿಲ ಅಡಿಯಲ್ಲಿ ಕಂಪನಿಯವರು ಕೊರೆದ ಸಣ್ಣ ತೂತುಗಳಿವೆ. ಅವು ನೀರು ಹೋಗಲು ಇರುವುವು. ಧೂಳು ಬರುತ್ತದೆಂದು ಮುಚ್ಚುವವರನ್ನು ನೋಡಿದ್ದೇನೆ. ಹೊಲದ ಕೋಡಿಗೆ ಕಲ್ಲು ಹಾಕಿದಂತೆ ಆಗುತ್ತದೆ.

ಕಾಗದಪತ್ರದ ವಿಷಯ. ಜೀಪಿನ ಹಿಂಭಾಗ ಕತ್ತರಿಸಿ ಪಿಕಪ್ ಮಾಡುವ ಆಲೋಚನೆ ಇದ್ದರೆ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮನ್ನು ನೆನಪಿಡಿ. ಅನುಮತಿಯಿಲ್ಲದೆ ಗಾಡಿಯ ರೂಪ ಬದಲಿಸುವಂತಿಲ್ಲ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಗಾಡಿಗೆ 2021ರ ಜುಲೈಯಲ್ಲಿ ಬಂದ ನಿಯಮದಂತೆ ವಿಂಟೇಜ್ ವಾಹನವೆಂದು ನೋಂದಣಿ ಮಾಡಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಮೈಸೂರು ರಾಜ್ಯದ ಕಾಲದ ಎಂ.ವೈ. ನಂಬರಿನ ಗಾಡಿಗೆ ಆ ಹಳೆಯ ನಂಬರನ್ನೇ ಉಳಿಸಿಕೊಳ್ಳಲು ಅವಕಾಶವಿದೆ. ಆದರೆ ಚಾಸಿ, ಬಾಡಿ, ಇಂಜಿನ್ನು ಮೂಲ ರೂಪದಲ್ಲಿರಬೇಕು. ಮೇಲಾಗಿ ವಿಂಟೇಜ್ ಎಂದು ಬರೆಸಿದ ಗಾಡಿಯನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ದುರಸ್ತಿ ಇಂಥವಕ್ಕೆ ಮಾತ್ರ. ಹಡಗಲಿಯ ಮಲ್ಲಿಗೆ ಬುಟ್ಟಿಯನ್ನು ಅದರಲ್ಲಿ ಪೇಟೆಗೆ ಒಯ್ಯುವಂತಿಲ್ಲ. ತಾತನ ನೆನಪಿಗೆ ಇಡುವುದೋ, ಹೊಲದ ದುಡಿಮೆಗೆ ಹಚ್ಚುವುದೋ ಎಂಬುದನ್ನು ಮನೆಮಂದಿ ಕೂತು ಮೊದಲೇ ತೀರ್ಮಾನಿಸಿ, ಆಮೇಲೆ ಹೊಸಪೇಟೆಯ ಆರ್.ಟಿ.ಓ. ಕಚೇರಿಗೆ ಹೋಗಿ ವಿಚಾರಿಸುವುದು ಮೇಲು. ದುಡಿಮೆಗೆ ಎಂದಾದರೆ ಸಾಮಾನ್ಯ ನೋಂದಣಿಯ ನವೀಕರಣಕ್ಕೆ ಗಾಡಿಯನ್ನು ತಪಾಸಣೆಗೆ ಒಪ್ಪಿಸಬೇಕಾಗುತ್ತದೆ. ಹಳೆಯ ಗಾಡಿಗೆ ಈ ಶುಲ್ಕ ಹೆಚ್ಚು. ತಗಡು ಕೊಳ್ಳುವ ಮೊದಲೇ ಅದನ್ನೂ ಲೆಕ್ಕದಲ್ಲಿ ಬರೆದುಕೊಳ್ಳಿ.

ಎನಾಮೆಲ್ ಮುಟ್ಟಲು ಎರಡು ದಿನದಲ್ಲಿ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಎರಡು ವಾರ ಬೇಕು. ಅಲ್ಲಿಯವರೆಗೆ ಗೊಬ್ಬರದ ಚೀಲ ಹೇರಬೇಡಿ. ಆಮೇಲೆ ಹೇರಿದ ದಿನ ಸಂಜೆ ನಾಲ್ಕು ಕೊಡ ನೀರು ಸುರಿದು ಮೂಲೆಗಳನ್ನು ತೊಳೆಯಿರಿ. ಈ ಕೆಲಸ ಹಿಡಿಯುವವರು ಯಾರಾದರೂ ಇದ್ದರೆ ಸಭೆ ಮುಗಿದ ಮೇಲೆ ಹೆಸರು ಬರೆಸಿ. ಮುಂದಿನ ಬಾರಿ ಆ ಊರಿಗೆ ಬರುವಾಗ ಅಯಸ್ಕಾಂತವನ್ನು ನಾನೇ ತರುತ್ತೇನೆ.