ವಿದ್ಯೆಯೂ ಶಾಸ್ತ್ರದಾನವೂ



ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಮೊದಲ ಮೂರು ದೇಹವನ್ನು ಕಾಯುತ್ತವೆ. ಶಾಸ್ತ್ರದಾನವು ಆತ್ಮವನ್ನು ಎಚ್ಚರಿಸುತ್ತದೆ. ಇದಕ್ಕೆ ನಿದರ್ಶನವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಪುರ್ತಗೇರಿಯಿರುವ ಈ ಗದಗ ಜಿಲ್ಲೆಯಲ್ಲಿಯೇ ಲಕ್ಕುಂಡಿಯಿದೆ. ಅಲ್ಲಿ ಕ್ರಿ.ಶ. 1007ರ ಸುಮಾರಿಗೆ ಜಿನಾಲಯವನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಮುದ್ರಣವಿಲ್ಲದ ಆ ಕಾಲದಲ್ಲಿ ಒಂದೊಂದು ಓಲೆಯನ್ನೂ ಕೈಯಿಂದಲೇ ಬರೆಯಬೇಕಾಗಿತ್ತು. ಕಲ್ಲಿನ ಬಸದಿಯು ಒಂದೂರಿನಲ್ಲಿ ನಿಂತಿತು. ಗ್ರಂಥವು ಊರೂರಿಗೆ ನಡೆಯಿತು.

ಆಕೆಯ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಮುಧೋಳದ ಬಳೆಗಾರರ ಮನೆಯ ಮಗ. ವಿದ್ಯೆಯನ್ನರಸಿ ಹೋಗಿ, ಅಜಿತಸೇನಾಚಾರ್ಯರ ಶಿಷ್ಯನಾಗಿ, ಕವಿಚಕ್ರವರ್ತಿಯೆನಿಸಿದನು. ಗುರುಗಳು ಕುಲವೃತ್ತಿಯನ್ನು ಕೇಳಿ ಬಾಗಿಲು ಮುಚ್ಚಿದ್ದರೆ ಕನ್ನಡಕ್ಕೆ ರನ್ನನು ದೊರೆಯುತ್ತಿರಲಿಲ್ಲ.

ಆದರೆ ವಿದ್ಯೆಗೆ ಎರಡು ಅಪಾಯಗಳುಂಟು. ಮೊದಲನೆಯದು ಜ್ಞಾನಮದ. ಮಹಾಪಂಡಿತನಾದ ಇಂದ್ರಭೂತಿ ಗೌತಮನು ವಾದ ಮಾಡಲೆಂದು ಸಮವಸರಣಕ್ಕೆ ಬಂದವನು, ಮಾನಸ್ತಂಭವನ್ನು ಕಂಡೊಡನೆ ಗರ್ವವಳಿದು, ಮಹಾವೀರಸ್ವಾಮಿಯ ಪ್ರಥಮ ಗಣಧರನಾದನು. ಮದವಿಳಿದ ಮೇಲೆಯೇ ಅವನ ಪಾಂಡಿತ್ಯವು ಫಲಿಸಿತು.

ಎರಡನೆಯದು ಬಚ್ಚಿಡುವಿಕೆ. ಬಲ್ಲುದನ್ನು ಮರೆಮಾಚುವುದೂ, ಕಲಿಯುವವರಿಗೆ ಅಡ್ಡಿಯಾಗುವುದೂ ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವು ಎಚ್ಚರಿಸುತ್ತದೆ. ಮೂಡಬಿದಿರೆಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಡವೋಲೆಗಳನ್ನು ಹಿರಿಯರು ಶತಮಾನಗಳ ಕಾಲ ಭಕ್ತಿಯಿಂದ ಕಾಪಾಡಿದರು. ಆ ಕಾವಲಿಲ್ಲದಿದ್ದರೆ ಅವು ಉಳಿಯುತ್ತಿರಲಿಲ್ಲ. ಆದರೂ ಯಾತ್ರಿಕರಿಗೆ ದೊರೆತುದು ದರ್ಶನ ಮಾತ್ರ, ಓದು ದೊರೆಯಲಿಲ್ಲ. ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲವು ಅಚ್ಚಾಗತೊಡಗಿದ ಮೇಲೆ ಆ ಜ್ಞಾನವು ಜಿಜ್ಞಾಸುಗಳ ಕೈಗೆ ಬಂದಿತು.

ಇಂದು ನಮ್ಮ ಮನೆಗಳಲ್ಲಿ ಪದವೀಧರರು ಹೆಚ್ಚಿದ್ದಾರೆ. ಆದರೆ ಅಜ್ಜನು ಓದುತ್ತಿದ್ದ ಪುರಾಣವು ವಸ್ತ್ರ ಸುತ್ತಿಕೊಂಡು ಕಪಾಟಿನಲ್ಲಿ ಕುಳಿತಿದೆ. ಪಡೆದ ಪದವಿಯು ಸಂಬಳಕ್ಕೆ ಮಾತ್ರ ಉಪಯೋಗವಾಗಿ, ನೆರೆಮನೆಯ ಬಡ ಬಾಲಕನಿಗೆ ಒಂದಕ್ಷರವನ್ನೂ ಕಲಿಸದಿದ್ದರೆ ಅದೂ ಬಚ್ಚಿಟ್ಟ ವಿದ್ಯೆಯೇ. ಹಗೇವಿನಲ್ಲಿಯೇ ಉಳಿದ ಜೋಳಕ್ಕೆ ಹುಳು ಬೀಳುತ್ತದೆ. ಹೊಲಕ್ಕೆ ಬಿದ್ದ ಜೋಳವು ರಾಶಿಯಾಗುತ್ತದೆ. ವ್ಯಾಪಾರಿಗೂ ಒಕ್ಕಲಿಗನಿಗೂ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಆದುದರಿಂದ ಬಿಂಬಪ್ರತಿಷ್ಠೆಗೆ ಕಾಣಿಕೆ ಸಲ್ಲಿಸುವ ಪ್ರತಿಯೊಂದು ಮನೆತನವೂ ಒಂದು ಮಗುವಿನ ಪುಸ್ತಕ ಹಾಗೂ ಶುಲ್ಕದ ಭಾರವನ್ನು ಹೊರಲಿ. ಆ ಮಗು ಯಾವ ಕುಲದ್ದೆಂದು ಕೇಳದಿರಲಿ. ಪ್ರತಿದಿನ ಸಂಜೆ ಮನೆಮಂದಿಯೆಲ್ಲ ಕುಳಿತು ಒಂದು ಪುಟವನ್ನಾದರೂ ಸ್ವಾಧ್ಯಾಯ ಮಾಡಲಿ. ಅತ್ತಿಮಬ್ಬೆಯ ನಾಡಿನಲ್ಲಿ ಹುಟ್ಟಿದ್ದಕ್ಕೆ ಸಲ್ಲಿಸಬೇಕಾದ ಋಣವಿದು.

ಜೈನಂ ಜಯತು ಶಾಸನಂ.